ಉಳಿದ ಮೂವರು ಏನು ತಪ್ಪು ಮಾಡಿದ್ದರು?

ಗುಂಪು: ಎಸ್ಸೆಸ್ಸೆಲ್ಸಿ 1987, ಬಿ ಸೆಕ್ಷನ್

ನಾಗರಾಜ: (ಫಾರ್ವರ್ಡ್ ಆದ ಫೋಟೊ) 1964ರ ಟೋಕಿಯೊ ಒಲಿಂಪಿಕ್ಸ್. ಪೋಲೆಂಡ್ ಮಹಿಳಾ ರಿಲೇ ತಂಡದಲ್ಲಿ ಓಡಿ ಚಿನ್ನ ಗೆದ್ದ ಗಂಡಸು! ಮೂರು ವರ್ಷದ ನಂತರ ಸಿಕ್ಕಿಬಿದ್ದ!! ಎಲ್ಲರಿಗೂ ಕಳಿಸಿ.

ಸುಮಂಗಲಾ: ನಾಗೂ, ಓದಿ ಹಾಕಿದೆಯಾ, ಇಲ್ಲ ಸುಮ್ನೆ ಬೆರಳು ತಾಗಿತಾ?

ನಾಗರಾಜ: ನಾನು ಬರೆದದ್ದಲ್ಲ ಕಣೇ. ಬಂದದ್ದನ್ನು ಕಳಿಸಿದೆ.

ಸುಮಂಗಲಾ: ಆಕೆ ಎವಾ ಕ್ವೊಬುಕೊಫ್ಸ್ಕಾ. ಟೋಕಿಯೊದಲ್ಲಿ 18 ವರ್ಷ. 100 ಮೀಟರ್‌ನಲ್ಲಿ ಕಂಚು, 4×100 ರಿಲೇಯಲ್ಲಿ ಚಿನ್ನ. ಮರುವರ್ಷ ಪ್ರಾಗ್‌ನಲ್ಲಿ 11.1 ಸೆಕೆಂಡ್, ವಿಶ್ವದಾಖಲೆ. 1966ರಲ್ಲಿ ಬುಡಾಪೆಸ್ಟ್‌ನ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ಮತ್ತೆ ಎರಡು ಚಿನ್ನ. ಅಲ್ಲಿ ಹೆಣ್ಣು ಹೌದೋ ಅಲ್ಲವೋ ಅಂತ ಓಟಗಾರ್ತಿಯರ ಬಟ್ಟೆ ಬಿಚ್ಚಿಸಿ ಡಾಕ್ಟರುಗಳು ನೋಡಿದ್ದರು. ಎವಾ ಪಾಸಾಗಿದ್ದಳು.

ಸುಮಂಗಲಾ: 1967ರಲ್ಲಿ ಕೀವ್‌ನ ಯುರೋಪಿಯನ್ ಕಪ್‌ಗೆ ಕ್ರೋಮೋಸೋಮ್ ಪರೀಕ್ಷೆ ತಂದರು. ಒಂದು ಕ್ರೋಮೋಸೋಮ್ ಜಾಸ್ತಿ ಇದೆ ಎಂದರು. 21 ತುಂಬುವ ಮೊದಲೇ ಅವಳ ಓಟ ಮುಗಿಯಿತು. ನಿನ್ನ ಕ್ರೋಮೋಸೋಮ್ ಎಷ್ಟು ಅಂತ ನಿನಗೆ ಗೊತ್ತಾ ನಾಗೂ?

ಗಿರೀಶ: ಅವನಿಗೆ ಅವನ ಶುಗರ್ ಎಷ್ಟು ಅಂತಲೂ ಗೊತ್ತಿಲ್ಲ 😄

ಸುಮಂಗಲಾ: ಟೋಕಿಯೊ ರಿಲೇಯ 43.6 ಸೆಕೆಂಡ್ ಕೂಡ ವಿಶ್ವದಾಖಲೆ. ಕೊನೆ ಲೆಗ್ ಎವಾಳದ್ದು ಅಂತ ಅದನ್ನೂ ಪುಸ್ತಕದಿಂದ ಅಳಿಸಿದರು. ಜೊತೆಗೆ ಓಡಿದ ತೆರೆಸಾ, ಇರೇನಾ, ಹಲೀನಾ ಏನು ತಪ್ಪು ಮಾಡಿದ್ದರು? ತಮಾಷೆ ಅಂದರೆ ಒಲಿಂಪಿಕ್ ಚಿನ್ನವನ್ನು ಯಾರೂ ವಾಪಸ್ ಕೇಳಲಿಲ್ಲ. ಪದಕ ಸರಿ, ಟೈಮಿಂಗ್ ಸುಳ್ಳು. ಇದ್ಯಾವ ಲೆಕ್ಕ?

ಗಿರೀಶ: ರಿಲೇ ಅಂದರೆ ಹಾಗೇ ಅಲ್ವಾ? ಜಮೈಕಾದ ನೆಸ್ಟಾ ಕಾರ್ಟರ್ ನಿಷೇಧಿತ ಮದ್ದು ತಗೊಂಡಿದ್ದಕ್ಕೆ 2008ರ ಬೀಜಿಂಗ್ ರಿಲೇ ಚಿನ್ನ ಬೋಲ್ಟ್ ಕೈಯಿಂದಲೂ ಹೋಯಿತು.

ಸುಮಂಗಲಾ: ಕಾರ್ಟರ್ ಹೊಟ್ಟೆಗೆ ಹೊರಗಿನಿಂದ ಏನೋ ಹೋಗಿತ್ತು ಮಾರಾಯ. ಎವಾ ಏನು ತಗೊಂಡಿದ್ದಳು?

ಫಾತಿಮಾ: ತಾಲ್ಲೂಕು ಮಟ್ಟದಲ್ಲಿ ನಾನು ಬೇಟನ್ ಬೀಳಿಸಿದ್ದಕ್ಕೆ ಇವಳು ಇವತ್ತಿಗೂ ಬೈಯುತ್ತಾಳೆ. 1968ರ ಮೆಕ್ಸಿಕೊದಲ್ಲಿ ಇರೇನಾ ಕೂಡ ಬೀಳಿಸಿದ್ದಳು, ಗೊತ್ತಾ?

ಸುಮಂಗಲಾ: ಇರೇನಾ ಅದೇ ಮೆಕ್ಸಿಕೊದಲ್ಲಿ 200 ಮೀಟರ್ ಚಿನ್ನ ಗೆದ್ದಳು. ನೀನು?

ಫಾತಿಮಾ: 🙏

ನಾಗರಾಜ: ಸರಿ, ಆದರೂ ಪಕ್ಕದ ಲೇನಿನ ಹುಡುಗಿಗೆ ಅನ್ಯಾಯ ಆಗಬಾರದಲ್ವಾ? 2025ರಲ್ಲಿ ವರ್ಲ್ಡ್ ಅಥ್ಲೆಟಿಕ್ಸ್‌ನವರೇ ಮತ್ತೆ ಜೀನ್ ಪರೀಕ್ಷೆ ತಂದಿದ್ದಾರೆ.

ಸುಮಂಗಲಾ: ಈ ಪ್ರಶ್ನೆ ಸರಿಯಾಗಿದೆ. ಇದನ್ನೇ ಮೊದಲು ಕೇಳಿದ್ದರೆ ಕೂತು ವಾದ ಮಾಡಬಹುದಿತ್ತು. ನೀನು ಹಾಕಿದ್ದು 'ಗಂಡಸು ಸಿಕ್ಕಿಬಿದ್ದ' ಅಂತ.

ಫಾತಿಮಾ: 1968ರಲ್ಲಿ ಎವಾಗೆ ಮಗು ಆಯಿತು ಅಂತ ಬರೆದಿದ್ದಾರೆ. ಇದನ್ನು ಓದು.

ನಾಗರಾಜ: ಹೆತ್ತಳಾ???

ಫಾತಿಮಾ: ಹಾಗಂತ ಬರೆದಿದ್ದಾರಪ್ಪ. ಅವಳೇ ಅಂತ.

ಪಿ.ಟಿ. ಸರ್: ಮಕ್ಕಳೇ, ತಮಿಳುನಾಡಿನ ಶಾಂತಿ ಸೌಂದರರಾಜನ್ ನೆನಪಿದೆಯಾ? 2006ರ ದೋಹಾ ಏಷ್ಯಾಡ್, 800 ಮೀಟರ್ ಬೆಳ್ಳಿ. ಪರೀಕ್ಷೆ ಮಾಡಿ ಪದಕ ಕಿತ್ತುಕೊಂಡರು. ಒಡಿಶಾದ ಓಟಗಾರ್ತಿ ದ್ಯುತಿ ಚಂದ್‌ಳನ್ನು 2014ರಲ್ಲಿ ಇಂಥದ್ದೇ ಪರೀಕ್ಷೆ ಮಾಡಿ ತಂಡದಿಂದ ಬಿಟ್ಟಾಗ ಅವಳು ಕ್ರೀಡಾ ನ್ಯಾಯಾಲಯಕ್ಕೆ ಹೋದಳು. ಮರುವರ್ಷ ಗೆದ್ದಳು, ಆಮೇಲೆ ರಿಯೊದಲ್ಲಿ ಓಡಿದಳು. ಎವಾ ಕಾಲದಲ್ಲಿ ಆ ನ್ಯಾಯಾಲಯವೇ ಹುಟ್ಟಿರಲಿಲ್ಲ.

ಗಿರೀಶ: ಸರ್, ಹಾಗಾದರೆ ಪರೀಕ್ಷೆಯೇ ಬೇಡ ಅಂತೀರಾ?

ಪಿ.ಟಿ. ಸರ್: ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಗಿರೀಶ. ಪೇಪರಿನಲ್ಲಿ ಹೆಸರು ಹಾಕಿ ಮಾನ ಕಳೆಯಬೇಕಿರಲಿಲ್ಲ. ಅಷ್ಟು ಮಾತ್ರ ಹೇಳಬಲ್ಲೆ.

(ಈ ಸಂದೇಶವನ್ನು ಅಳಿಸಲಾಗಿದೆ)

ನಾಗರಾಜ: ತೆಗೆದೆ ಸರ್.

ಸುಮಂಗಲಾ: ಬೇರೆ ಗುಂಪಿಗೂ ಹಾಕಿದ್ದೆಯಾ?

ನಾಗರಾಜ: ಮೂರು ಗುಂಪಿಗೆ. ಹೋದ ವಾರವೇ. ಈಗ 'ನನಗೆ ಮಾತ್ರ ಅಳಿಸು' ಅಂತ ಅಷ್ಟೇ ತೋರಿಸುತ್ತಿದೆ.