ಐದನೇ ಮಹಡಿಗೆ ಫೈರ್ ಇಂಜಿನ್ ಏಣಿ ಮುಟ್ಟುತ್ತದಾ? ಹಾಸನದವರು ದಯವಿಟ್ಟು ಹೇಳಿ

ಸಾಲಗಾಮೆ ರಸ್ತೆ ನಿವಾಸಿ:

ಎಲ್ಲರಿಗೂ ನಮಸ್ಕಾರ. ಸಾಲಗಾಮೆ ರಸ್ತೆಯಿಂದ ಎರಡು ತಿರುವು ಒಳಗೆ ಬಂದರೆ ನಮ್ಮ ಅಪಾರ್ಟ್‌ಮೆಂಟ್. ಕೆಳಗೆ ಪಾರ್ಕಿಂಗ್, ಮೇಲೆ ಐದು ಮಹಡಿ. ನಮ್ಮದು ಕೊನೆಯ ಮಹಡಿ. ನಾನು ಮದುವೆಯಾಗಿ ಹಾಸನಕ್ಕೆ ಬಂದಾಗ ಈ ಕಡೆ ಮಾಳಿಗೆ ಮನೆ ಅಂದರೇ ದೊಡ್ಡದು, ಹಿಂದೆ ತೆಂಗಿನ ತೋಟ ಇತ್ತು. ಈಗ ಅಡುಗೆಮನೆ ಕಿಟಕಿಯಿಂದ ನೋಡಿದರೆ ನಾಲ್ಕು, ಐದು ಅಂತಸ್ತಿನ ಕಟ್ಟಡಗಳೇ ಏಳೆಂಟು ಕಾಣುತ್ತವೆ.

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಕೆಳಗಿನ ಮೀಟರ್ ಬೋರ್ಡಿಗೆ ಬೆಂಕಿ ಹತ್ತಿತು. ಬೆಂಕಿ ಚಿಕ್ಕದೇ. ಆದರೆ ಹೊಗೆ ಮೆಟ್ಟಿಲು ಹಿಡಿದು ಸೀದಾ ಮೇಲಕ್ಕೆ ಬಂತು. ಬಾಗಿಲು ತೆಗೆದರೆ ಬರೀ ಕಪ್ಪು, ಎದುರು ಮನೆಯ ಬಾಗಿಲೂ ಕಾಣಲಿಲ್ಲ. ನಮ್ಮ ಅತ್ತೆಗೆ 78 ವರ್ಷ, ವಾಕರ್ ಹಿಡಿದೇ ನಡೆಯುತ್ತಾರೆ. ಲಿಫ್ಟ್ ನಿಂತಿತ್ತು. ಟೆರೇಸಿಗೆ ಹೋಗೋಣ ಅಂದರೆ ಬೀಗ. ಬೀಗದ ಕೈ ಎರಡನೇ ಮಹಡಿಯ ಕಾರ್ಯದರ್ಶಿಯವರ ಮನೆಯಲ್ಲಿ.

112ಕ್ಕೆ ಫೋನ್ ಮಾಡಿದೆವು. ಅಗ್ನಿಶಾಮಕದವರು ತಡ ಮಾಡದೆ ಬಂದರು, ಅದನ್ನು ಹೇಳಲೇಬೇಕು. ಆದರೆ ನಮ್ಮ ಬೀದಿಯ ತುದಿಯಲ್ಲೇ ಗೃಹಪ್ರವೇಶದ ಶಾಮಿಯಾನ, ರಸ್ತೆಗೆ ಪೂರ್ತಿ ಅಡ್ಡ. ಗಾಡಿ ಅಲ್ಲೇ ನಿಂತಿತು. ಆ ಹುಡುಗರು ಕೆಂಪು ಸಿಲಿಂಡರ್‌ಗಳನ್ನು ಹೆಗಲ ಮೇಲೆ ಹೊತ್ತುಕೊಂಡು ಓಡಿ ಬಂದರು. ನಾನು ಅತ್ತೆಯನ್ನು ಬಾಲ್ಕನಿಯಲ್ಲಿ ಕೂರಿಸಿ, ಮೂಗಿಗೆ ಒದ್ದೆ ಟವೆಲ್ ಕೊಟ್ಟು, ಕೆಳಗೆ ನೋಡುತ್ತಾ ನಿಂತಿದ್ದೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಇಪ್ಪತ್ತು ನಿಮಿಷ ಇನ್ನೂ ಕಣ್ಣ ಮುಂದೆ ಇದೆ.

ಮಾರನೇ ದಿನ ಮಗ ಬಾಲ್ಕನಿಯಿಂದ ಹಗ್ಗ ಇಳಿಬಿಟ್ಟು ಅಳೆದ. ನೆಲಕ್ಕೆ 15 ಮೀಟರ್. ಇಷ್ಟು ಎತ್ತರಕ್ಕೆ ಅವರ ಏಣಿ ಬರುತ್ತದಾ? ಊರಿಗೆ ಉದ್ದ ಏಣಿಯ ಗಾಡಿ ಬೇಕು ಅಂತ ಸಹಿ ಸಂಗ್ರಹ ಶುರು ಮಾಡೋಣ ಅಂತಿದ್ದೇವೆ. ತಿಳಿದವರು ಹೇಳಿ.

ನಿವೃತ್ತ ಅಗ್ನಿಶಾಮಕ:

ಅಮ್ಮಾ, ಈ ಇಲಾಖೆಯಲ್ಲಿ 31 ವರ್ಷ ಕೆಲಸ ಮಾಡಿ ಈಗ ವಿದ್ಯಾನಗರದಲ್ಲಿ ಮನೆ ಮಾಡಿದ್ದೇನೆ. ಸಾಮಾನ್ಯವಾಗಿ ಫೈರ್ ಇಂಜಿನ್ ಮೇಲೆ ಇರುವ ಅಲ್ಯೂಮಿನಿಯಂ ಏಣಿ ಎಳೆದು ಉದ್ದ ಮಾಡಿದರೆ 10.5 ಮೀಟರ್. ಅದನ್ನು ಗೋಡೆಗೆ ಓರೆಯಾಗಿ ಒರಗಿಸಬೇಕಲ್ಲ, ಹಾಗಾಗಿ ಇನ್ನೂ ಸ್ವಲ್ಪ ಕಡಿಮೆಯೇ ಸಿಗುತ್ತದೆ. ನಿಮ್ಮ ಬಾಲ್ಕನಿಗೆ ಅದು ಮುಟ್ಟುವುದಿಲ್ಲ.

ಬೆಂಗಳೂರಿನಲ್ಲಿ 90 ಮೀಟರ್ ಏಣಿಯ ಗಾಡಿ ಇದೆ. ಆದರೆ ಅಂಥ ಗಾಡಿ ನಿಲ್ಲಲು ಜಾಗ ಬೇಕು. ನಾಲ್ಕೂ ಕಡೆ ಕಾಲು ಚಾಚಿ ನೆಲಕ್ಕೆ ಊರಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರ್ ಮತ್ತು ಅದಕ್ಕಿಂತ ಎತ್ತರದ ಕಟ್ಟಡದ ಸುತ್ತ 6 ಮೀಟರ್ ಖಾಲಿ ಜಾಗ, 45 ಟನ್ ಭಾರ ತಡೆಯುವ ನೆಲ ಇರಬೇಕು ಅನ್ನುವುದು ಅದಕ್ಕೇ. ಶಾಮಿಯಾನ ದಾಟಲಾಗದ ಬೀದಿಗೆ ಆ ಗಾಡಿ ಬಂದರೂ ತುದಿಯಲ್ಲೇ ನಿಲ್ಲುತ್ತದೆ.

ಅದಕ್ಕೇ ಮೊದಲು ನಿಮ್ಮ ಕಟ್ಟಡ ನೋಡಿ. ಮೆಟ್ಟಿಲ ಪಕ್ಕ ಕೆಂಪು ಪೈಪ್ ಇದೆಯಾ? ಪ್ರತಿ ಮಹಡಿಯಲ್ಲಿ ಅದಕ್ಕೆ ವಾಲ್ವ್ ಇದೆಯಾ? ತಿರುಗಿಸಿದರೆ ನೀರು ಬರುತ್ತದಾ? ನಮ್ಮ ಗಾಡಿಯಲ್ಲಿ ಸಾಮಾನ್ಯವಾಗಿ 4,500 ಲೀಟರ್ ನೀರು. ದೊಡ್ಡ ಜೆಟ್ ಒಂದೇ ಬಿಟ್ಟರೂ ಸುಮಾರು ಹತ್ತು ನಿಮಿಷಕ್ಕೆ ಖಾಲಿ. ಹತ್ತು ಮೀಟರ್ ಮೇಲೆ ಹೋದ ಹಾಗೆಲ್ಲ ಒಂದು ಕೆ.ಜಿ. ಪ್ರೆಷರ್ ಬಿದ್ದುಹೋಗುತ್ತದೆ. ಆ ಪೈಪ್ ಸರಿ ಇದ್ದರೆ ನಮ್ಮ ಹುಡುಗರು ಕೈಬೀಸಿಕೊಂಡು ಮೇಲೆ ಹತ್ತಿ ಅಲ್ಲೇ ಹೋಸ್ ಜೋಡಿಸುತ್ತಾರೆ. ಇಲ್ಲದಿದ್ದರೆ ಕೆಳಗಿನಿಂದ ಐದು ಮಹಡಿ ಎಳೆಯಬೇಕು. ಎಷ್ಟೋ ಕಡೆ ಹೋಸ್ ಇಡುವ ಪೆಟ್ಟಿಗೆಯನ್ನು ನಾನೇ ತೆಗೆದು ನೋಡಿದ್ದೇನೆ: ಹಿತ್ತಾಳೆ ನಾಝಲ್ ಮಾಯ, ಒಳಗೆ ಪೊರಕೆ. ಹೊಟ್ಟೆ ಉರಿಯುತ್ತದೆ.

ಇನ್ನೊಂದು ಮಾತು. ಬಾಗಿಲು ಹಾಕಿಕೊಂಡು ಬಾಲ್ಕನಿಗೆ ಬಂದಿರಲ್ಲ, ಅದು ಸರಿ. ಆದರೆ ಒದ್ದೆ ಟವೆಲ್ ಮೂಗಿಗಿಂತ ಬಾಗಿಲ ಸಂದಿಗೆ ಬೇಕು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನ್ನು ಬಟ್ಟೆ ತಡೆಯುವುದಿಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಹೋದರು. ಅಲ್ಲೂ ಜನರನ್ನು ಸಿಕ್ಕಿಹಾಕಿಸಿದ್ದು ಹೊಗೆ. ಕೆಲವರು ಕಿಟಕಿಯಿಂದ ಹಾರಿದರು. ಟೆರೇಸಿನ ಬೀಗ ಇವತ್ತೇ ತೆಗೆಸಿ, ತಾಯಿ.

ವೈರಿಂಗ್ ಕೆಲಸದವನು:

ಅಕ್ಕಾ, ನಾನು ಉದಯಗಿರಿ ಕಡೆ ವೈರಿಂಗ್ ಕೆಲಸ ಮಾಡುತ್ತೇನೆ. ನಿಮ್ಮ ಮೀಟರ್ ಬೋರ್ಡ್ ಮೆಟ್ಟಿಲ ಕೆಳಗೇ ಇರಬೇಕು, ಅಲ್ವಾ? ಮುಕ್ಕಾಲು ಪಾಲು ಕಡೆ ಅಲ್ಲೇ ಇಡುತ್ತಾರೆ, ಜಾಗ ಉಳಿಯುತ್ತದೆ ಅಂತ. ಇಳಿಯುವ ದಾರಿ ಇರುವುದು ಅದೊಂದೇ, ಬೆಂಕಿ ಹತ್ತುವ ಜಾಗವೂ ಅದೇ. ಕೇಬಲ್ ಮೇಲೆ ಹೋಗುವ ಡಕ್ಟ್ ನೋಡಿ. ಪ್ರತಿ ಮಹಡಿಯಲ್ಲೂ ಅದನ್ನು ಬೆಂಕಿ ತಡೆಯುವ ಮಸಾಲೆ ಹಾಕಿ ಮುಚ್ಚಬೇಕು. ಬಿಟ್ಟರೆ ಅದು ಒಲೆಯ ಚಿಮಣಿ ಇದ್ದ ಹಾಗೆ.

ಎಲೆಕ್ಟ್ರಿಕ್ ಸ್ಕೂಟರ್‌ಗಳನ್ನೂ ಅದೇ ಮೆಟ್ಟಿಲ ಕೆಳಗೆ ರಾತ್ರಿಯಿಡೀ ಚಾರ್ಜಿಗೆ ಹಾಕುತ್ತಿದ್ದರೆ ನಿಲ್ಲಿಸಿ. 2022ರ ಸೆಪ್ಟೆಂಬರ್‌ನಲ್ಲಿ ಸಿಕಂದರಾಬಾದಿನಲ್ಲಿ ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್ ಶೋರೂಂ, ಮೇಲೆ ಲಾಡ್ಜ್. ಕೆಳಗಿನ ಹೊಗೆ ಮೆಟ್ಟಿಲು ತುಂಬಿಕೊಂಡು 8 ಜನ ಸತ್ತರು. ಚಾರ್ಜಿಂಗ್ ಗೇಟಿನ ಹತ್ತಿರ, ಬಯಲಲ್ಲಿ ಮಾಡಿಸಿ. ವೈರ್ ಎಳೆದುಕೊಡಲು ದೊಡ್ಡ ಖರ್ಚೇನೂ ಆಗಲ್ಲ.

ಕೆ.ಆರ್. ಪುರಂ ಓದುಗ:

ನಿವೃತ್ತ ಸರ್ ಹೇಳಿದ್ದು ಒಪ್ಪುತ್ತೇನೆ. ಆದರೂ ಏಣಿ ಗಾಡಿ ಕೇಳುವುದನ್ನು ಬಿಡಬಾರದು. ಹಿಮ್ಸ್ ಆಸ್ಪತ್ರೆಯಲ್ಲಿ ಎದ್ದು ನಡೆಯಲಾಗದ ರೋಗಿಗಳು ಇರುತ್ತಾರೆ. ಬಿ.ಎಂ. ರಸ್ತೆಯಲ್ಲಿ ಲಾಡ್ಜ್‌ಗಳಿವೆ, ಅಲ್ಲಿ ಉಳಿದವರಿಗೆ ಮೆಟ್ಟಿಲು ಎಲ್ಲಿದೆ ಅಂತಲೂ ಗೊತ್ತಿರಲ್ಲ. ಬೆಂಗಳೂರಿನಿಂದ ಗಾಡಿ ಬರಬೇಕೆಂದರೆ 180 ಕಿಲೋಮೀಟರ್. ಅಷ್ಟು ಹೊತ್ತು ಯಾರು ಕಾಯುತ್ತಾರೆ?

ನಿವೃತ್ತ ಅಗ್ನಿಶಾಮಕ:

ಕೇಳಿ, ಖಂಡಿತ ಕೇಳಿ. ಆದರೆ ಅದೇ ಅರ್ಜಿಯಲ್ಲಿ ರಸ್ತೆಯ ವಿಷಯವನ್ನೂ ಬರೆಯಿರಿ. ಹಾಸನಾಂಬೆ ದರ್ಶನದ ದಿನಗಳಲ್ಲಿ ಊರೊಳಗೆ ಗಾಡಿ ಹೇಗೆ ನುಗ್ಗುತ್ತದೆ ಅಂತ ಯೋಚಿಸಿ. ಠಾಣೆಗೆ ಹೋಗಿ ಅಣಕು ಪ್ರದರ್ಶನ ಮಾಡಿಕೊಡಿ ಅಂತ ಕೇಳಿ. ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ. 1944ರಲ್ಲಿ ಬಾಂಬೆ ಬಂದರಿನ ಹಡಗು ಸ್ಫೋಟದಲ್ಲಿ ತೀರಿಕೊಂಡ ನಮ್ಮವರ ನೆನಪಿಗೆ ಮಾಡುವುದು. ಆ ವಾರಕ್ಕೇ ಕಾಯಬೇಕಂತೇನಿಲ್ಲ, ಬೇರೆ ದಿನವೂ ಕೇಳಬಹುದು.

ಸಾಲಗಾಮೆ ರಸ್ತೆ ನಿವಾಸಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಎಲ್ಲ ಮನೆಯವರನ್ನೂ ಪಾರ್ಕಿಂಗ್‌ನಲ್ಲಿ ಸೇರಿಸಿ ಇದನ್ನು ಓದಿ ಹೇಳಿದೆ. ಟೆರೇಸ್ ಬಾಗಿಲಿಗೆ ಬೀಗ ತೆಗೆದು ಒಳಗಿನಿಂದ ಚಿಲಕ ಹಾಕಿಸಿದೆವು. ಸ್ಕೂಟರ್ ಚಾರ್ಜಿಂಗ್ ಗೇಟಿನ ಹತ್ತಿರ ಹೋಯಿತು. ಒಬ್ಬರು ಒಪ್ಪಿಲ್ಲ, ಮಾತಾಡುತ್ತಿದ್ದೇವೆ. ಬೀದಿಯವರೂ ಇನ್ನು ಶಾಮಿಯಾನ ಹಾಕಿದರೆ ಒಂದು ಪಕ್ಕ ಗಾಡಿ ಹೋಗುವಷ್ಟು ಬಿಡುತ್ತೇವೆ ಅಂದಿದ್ದಾರೆ. ನಡೆಯಲಾಗದ ಹಿರಿಯರು ಯಾವ ಮನೆಯಲ್ಲಿದ್ದಾರೆ ಅಂತ ಬರೆದ ಹಾಳೆ ವಾಚ್‌ಮನ್ ಹತ್ತಿರ ಇಟ್ಟೆವು. ನಮ್ಮ ಅತ್ತೆಯ ಹೆಸರೇ ಮೊದಲು.

ಕೆಂಪು ಪೈಪ್ ಇದೆ. ಐದೂ ಮಹಡಿಯ ವಾಲ್ವ್ ತಿರುಗಿಸಿ ನೋಡಿದೆವು. ಒಂದು ಹನಿ ನೀರೂ ಬರಲಿಲ್ಲ. ಕಟ್ಟಿದವರು ಪೈಪನ್ನು ಟ್ಯಾಂಕಿಗೆ ಜೋಡಿಸಿಯೇ ಇಲ್ಲ. ಆರು ವರ್ಷದಿಂದ ಅದನ್ನು ನೋಡಿಕೊಂಡೇ ಮೆಟ್ಟಿಲು ಹತ್ತಿ ಇಳಿದಿದ್ದೇವೆ. ಹಾಸನದಲ್ಲಿ ಈ ಪೈಪ್, ಪಂಪಿನ ಕೆಲಸ ಗೊತ್ತಿರುವ ಪ್ಲಂಬರ್ ಇದ್ದರೆ ತಿಳಿಸಿ. ಈ ವಾರದಲ್ಲೇ ಬಂದು ನೋಡುವವರು ಬೇಕು.