ಸಕ್ಕರೆ ಅಚ್ಚು: ಅಚ್ಚು ಅಂದರೆ ಮರವೋ, ಸಕ್ಕರೆಯೋ?

ಸಂಕ್ರಾಂತಿಗೆ ಇನ್ನು ನಾಲ್ಕು ದಿನ ಇತ್ತು. ಒಲೆ ಮೇಲೆ ಪಾಕ, ನನ್ನ ಕೈಯಲ್ಲಿ ಸೌಟು. ಧಾರವಾಡದಿಂದ ಬಂದ ಸೊಸೆಗೆ ಮೈಸೂರಿನ ಮನೆಯಲ್ಲಿ ಇದು ಮೊದಲ ಹಬ್ಬ. ಪಾಕದ ಅಂಚು ಬೆಳ್ಳಗಾಗಿದ್ದೇ ತಡ, "ಅಚ್ಚು ಕೊಡಮ್ಮ, ಬೇಗ!" ಅಂದೆ. ತಟ್ಟೆಯಲ್ಲಿ ಆರಲು ಇಟ್ಟಿದ್ದ ಸಕ್ಕರೆ ಹಂಸವನ್ನು ಕತ್ತು ಮುರಿಯದ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದಳು.

"ಇದಲ್ಲ, ಅಚ್ಚು!"

"ಇದಕ್ಕ ಅಲ್ಲೇನ್ರಿ ಅತ್ತಿ, ಆಗ ನೀವು ಅಚ್ಚು ಅಂದಿದ್ದು?"

ನಿಜ, ಅರ್ಧ ಗಂಟೆ ಹಿಂದೆ ನಾನೇ ಅಂದಿದ್ದೆ. ಅಷ್ಟರಲ್ಲಿ ಬಾಣಲೆಯ ಪಾಕ ಮರಳು ಮರಳಾಗಿ ಕೂತಿತು. ಪಾಕಕ್ಕೇನೂ ನಷ್ಟವಿಲ್ಲ, ನೀರು ಹಾಕಿ ಮತ್ತೆ ಕರಗಿಸಿದರಾಯಿತು. ಹೋಗಿದ್ದು ನನ್ನ ಕನ್ನಡದ ಮಾನ.

ಮಾಡಿ ಗೊತ್ತಿಲ್ಲದವರಿಗೆ ಎರಡು ಮಾತು. ಮರದ ಅಚ್ಚನ್ನು ಮೊದಲೇ ನೀರಲ್ಲಿ ನೆನೆಹಾಕಬೇಕು, ಒಣ ಮರ ಸಕ್ಕರೆಯನ್ನು ಬಿಡುವುದಿಲ್ಲ. ಪಾಕಕ್ಕೆ ಹಾಲು ಬಿಟ್ಟು ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಬೇಕು. ಆಮೇಲೆ ಒಂದೊಂದು ಸೌಟು ಪಾಕವನ್ನು ಸಣ್ಣ ಬಾಣಲೆಗೆ ಹಾಕಿಕೊಂಡು ತಿರುವುತ್ತಾ, ಮಂದವಾಗಿ ಬೆಳ್ಳಗಾಗುವ ಹೊತ್ತಿಗೆ ಸರಿಯಾಗಿ ಹುಯ್ಯಬೇಕು. ಸ್ವಲ್ಪ ಮುಂಚೆ ಹುಯ್ದರೆ ಗಟ್ಟಿಯಾಗುವುದಿಲ್ಲ, ಸ್ವಲ್ಪ ತಡವಾದರೆ ಹಂಸದ ಕತ್ತಿಗೆ ಇಳಿಯುವುದಿಲ್ಲ. ಹೀಗಿರುವಾಗ ಒಂದು ಪದ ಎರಡು ವಸ್ತುವಿಗೆ ಓಡಾಡುತ್ತಿದ್ದರೆ ಕೆಲಸ ಕೆಡುತ್ತದೆ.

ಈಗ ಪ್ರಶ್ನೆ. ತಟ್ಟೆ ಇಡ್ಲಿ ಅಂದರೆ ತಿನ್ನುವುದು, ಇಡ್ಲಿ ತಟ್ಟೆ ಅಂದರೆ ಪಾತ್ರೆ. ಕನ್ನಡದಲ್ಲಿ ಕೊನೆಗೆ ಬಂದ ಪದವೇ ಯಜಮಾನ. ಅದೇ ಲೆಕ್ಕದಲ್ಲಿ ಅಚ್ಚುಬೆಲ್ಲ ತಿನ್ನುವುದು, ಸರಿಯಾಗಿದೆ. ತಮಿಳರ ಅಚ್ಚುವೆಲ್ಲ, ಅಚ್ಚುಮುರುಕ್ಕು, ಮಲಯಾಳಿಗಳ ಅಚ್ಚಪ್ಪ ಎಲ್ಲವೂ ಇದೇ ಸಾಲಿನವು. ಹಾಗಾದರೆ 'ಸಕ್ಕರೆ ಅಚ್ಚು' ಮರದ ಸಾಮಾನು ಆಗಬೇಕಿತ್ತು, 'ಅಚ್ಚುಸಕ್ಕರೆ' ತಿನ್ನುವುದಾಗಬೇಕಿತ್ತು. ನಮ್ಮಲ್ಲಿ ಮಾತ್ರ ಎಳ್ಳಿನ ಜೊತೆ ತಟ್ಟೆಯಲ್ಲಿಟ್ಟು ಬೀರುವ ಆನೆ, ಬಸವ, ತುಳಸಿಕಟ್ಟೆಗೇ ಸಕ್ಕರೆ ಅಚ್ಚು ಎನ್ನುತ್ತೇವೆ. 'ಅಚ್ಚುಸಕ್ಕರೆ' ಎಂದು ಯಾರ ಬಾಯಲ್ಲೂ ನಾನು ಕೇಳಿಲ್ಲ.

ನನಗೆ ತೋಚಿದ್ದು ಇಷ್ಟು. ಒತ್ತುವುದಕ್ಕೂ ಅಚ್ಚು, ಒತ್ತಿದ ಮೇಲೆ ಮೂಡುವುದಕ್ಕೂ ಅಚ್ಚು. ಮಗುವನ್ನು ನೋಡಿ "ಥೇಟ್ ಅಪ್ಪನ ಪಡಿಯಚ್ಚು" ಅನ್ನುವಾಗ ಅಚ್ಚು ಅಪ್ಪನಲ್ಲ, ಮಗು. ಪುಸ್ತಕ ಅಚ್ಚಾಯಿತು ಅಂದರೂ ಮೂಡಿದ್ದನ್ನೇ ಹೇಳುತ್ತೇವೆ. ಸಕ್ಕರೆ ಅಚ್ಚು ಈ ಜಾತಿಯದು: ಸಕ್ಕರೆಯಲ್ಲಿ ಮೂಡಿದ ಅಚ್ಚು. ಗಾಡಿಯ ಅಚ್ಚನ್ನು ಇಲ್ಲಿ ಎಳೆದು ತರಬೇಡಿ, ಅದು ಸಂಸ್ಕೃತದ ಅಕ್ಷದಿಂದ ಬಂದದ್ದು ಎನ್ನುತ್ತಾರೆ. ನಾಲೆಯ ಅಚ್ಚುಕಟ್ಟು ಇನ್ನೂ ದೂರ.

ಇನ್ನೊಂದು ದಾರಿಯೂ ಇದೆ, ಅದು ಮಂಡ್ಯದ್ದು. ಆಲೆಮನೆ ಸೀಮೆಯಲ್ಲಿ "ಎರಡಚ್ಚು ಬೆಲ್ಲ ಕೊಡಿ" ಅನ್ನುವುದು ರೂಢಿ. ಅಲ್ಲಿ ಅಚ್ಚು ಮರವೂ ಅಲ್ಲ, ಆಕಾರವೂ ಅಲ್ಲ, ಎಣಿಕೆ. ಲೋಟ ಕಾಫಿ, ಹಿಡಿ ಅಕ್ಕಿ ಇದ್ದ ಹಾಗೆ. ಬಕೆಟ್ ಬೆಲ್ಲದಲ್ಲಿ ಬಕೆಟ್ಟೂ ಹೀಗೇ ಬೆಲ್ಲದೊಳಗೆ ಕರಗಿಹೋಗಿದೆ. ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂದದ್ದು 1933ರಲ್ಲಿ, ಆಲೆಮನೆಯ ಬೆಲ್ಲ ಅದಕ್ಕಿಂತ ಎಷ್ಟೋ ಹಳೆಯದು. ಬೆಲ್ಲದ ತುಂಡಿಗೆ ಅಂಟಿಕೊಂಡಿದ್ದ ಹೆಸರು ಆಮೇಲೆ ಸಕ್ಕರೆಗೂ ಹತ್ತಿತೇ? ಇದು ಬರೀ ನನ್ನ ಅಂದಾಜು. ಮೇಲಿನದಕ್ಕಿಂತ ನನಗೆ ಇದೇ ಹೆಚ್ಚು ಇಷ್ಟ, ಇಷ್ಟವಾದ್ದು ಸರಿಯಾಗಿರಬೇಕೆಂದಿಲ್ಲ.

ಹೆಸರನ್ನು ಸಕ್ಕರೆ ಕಿತ್ತುಕೊಂಡ ಮೇಲೆ ಮರಕ್ಕೆ ಏನು ಉಳಿಯಿತು? ಮದ್ದೂರು ಕಡೆಯವರಾದ ನಮ್ಮತ್ತೆ 'ಅಚ್ಚಿನ ಮಣೆ' ಅನ್ನುತ್ತಿದ್ದರು. ನನ್ನ ತವರಿನಲ್ಲಿ 'ಅಚ್ಚಿನ ಮರ'. ಮೊನ್ನೆ ದೇವರಾಜ ಮಾರುಕಟ್ಟೆಯ ಹತ್ತಿರ ಒಂದು ಅಂಗಡಿಯಲ್ಲಿ ಅಚ್ಚು ಇದೆಯಾ ಅಂದರೆ, "ರೆಡಿ ಅಚ್ಚು ಬೇಕಾ ಮೇಡಂ, ಅಚ್ಚಿನ ಮೋಲ್ಡ್ ಬೇಕಾ?" ಅಂದ ಹುಡುಗ. ನಗು ಬಂತು, ಆದರೆ ಅವನ ಮಾತಿನಲ್ಲಿ ಗೊಂದಲ ಇರಲಿಲ್ಲ, ನನ್ನದರಲ್ಲಿತ್ತು.

ಸೊಸೆ ಕಡೆಯವರದು ಚೊಕ್ಕ ಏರ್ಪಾಡು. ಅಲ್ಲಿ ಇವನ್ನು ಮಾಡುವುದು ಗೌರಿ ಹುಣ್ಣಿಮೆಗೆ, ಹೆಸರು 'ಸಕ್ಕರಿ ಆರತಿ'. ತಿನ್ನುವುದು ಆರತಿ ಆದ್ದರಿಂದ ಮರ ನಿಶ್ಚಿಂತೆಯಾಗಿ ಅಚ್ಚಾಗಿಯೇ ಉಳಿದಿದೆ.

ತಿಳಿದವರು ದಯವಿಟ್ಟು ಹೇಳಿ: ಮಣೆ, ಮರ ಅಲ್ಲದೆ ಬೇರೆ ಹೆಸರು ನಿಮ್ಮ ಮನೆಗಳಲ್ಲಿ ಇದೆಯೇ? ಪಾಕ ಬೆಳ್ಳಗಾಗಿ ಮಂದವಾಗುವ ಆ ಹದಕ್ಕೆ ಏನನ್ನುತ್ತೀರಿ? ಒಂದೆಳೆ, ಎರಡೆಳೆ, ಉಂಡೆಪಾಕ ನನಗೆ ಗೊತ್ತು, ಅವು ಯಾವುವೂ ಇದಲ್ಲ. ನಮ್ಮಮ್ಮ "ಈಗ!" ಅಂತ ಮಾತ್ರ ಅನ್ನುತ್ತಿದ್ದಳು.