ತಾತನ ಫಿಯೆಟ್: ಮೊದಲು ಬ್ರೇಕು, ಆಮೇಲೆ ಮಿಕ್ಕಿದ್ದು

ತಮ್ಮಾ, ನೀನು ಗ್ರೂಪಿಗೆ ಹಾಕಿದ ಪಟ್ಟಿ ನೋಡಿದೆ, ದೊಡ್ಡಪ್ಪನ ಉತ್ತರವನ್ನೂ ಕೇಳಿಸಿಕೊಂಡೆ. ತಾತನ 1972ರ ಫಿಯೆಟ್ಟಿಗೆ ಮಾರುತಿ ಎಂಜಿನ್, ಅಲಾಯ್ ವೀಲ್, ಫ್ಲೋರ್ ಗಿಯರ್, ಬಕೆಟ್ ಸೀಟು ಎಲ್ಲ ಹಾಕಿಸಿ ದಿನಾ ಆಫೀಸಿಗೂ ಪಾಪುವಿನ ಸ್ಕೂಲಿಗೂ ಓಡಿಸುತ್ತೇನೆ ಅಂತ ನೀನು. ಒಂದು ನಟ್ಟೂ ಬದಲಾಗಬಾರದು ಅಂತ ದೊಡ್ಡಪ್ಪ. ನನಗೆ ಇಬ್ಬರ ಮಾತೂ ಪೂರ್ತಿ ಒಪ್ಪಿಗೆ ಆಗಲಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಜೀವಕ್ಕೆ ಬೇಕಾದ್ದನ್ನು ಖಂಡಿತ ಹಾಕಿಸು. ಆದರೆ ನಾಳೆ ಅದನ್ನು ಬಿಚ್ಚಿದರೆ ಕಾರು ಮೊದಲಿನ ಹಾಗೇ ಇರಬೇಕು. ಶೋಕಿಗೆ ಅಂತ ಆ ತಗಡಿನಲ್ಲಿ ಒಂದು ತೂತೂ ಕೊರೆಸಬೇಡ.

ನಿನ್ನ ಪಟ್ಟಿಯಲ್ಲಿ ಬ್ರೇಕೇ ಇಲ್ಲ ಅಲ್ವಾ? ಅಲ್ಲಿಂದಲೇ ಶುರು ಮಾಡು. ಆ ಕಾರಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ನಾಲ್ಕಕ್ಕೂ ಸೇರಿ ಆಯಿಲ್ ಹೋಗುವ ದಾರಿ ಒಂದೇ. ಯಾವುದಾದರೂ ಒಂದು ಹೋಸ್ ಒಡೆದರೆ ನಾಲ್ಕೂ ಕೈಕೊಡುತ್ತವೆ. ಎಂಜಿನ್ ಆಫ್ ಇರುವಾಗ ಪೆಡಲ್ ಒತ್ತಿ ಒಂದು ನಿಮಿಷ ಹಾಗೇ ಹಿಡಿದುಕೋ. ಮೆಲ್ಲಗೆ ಕೆಳಗಿಳಿಯುತ್ತಾ ಹೋದರೆ ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ದೂಡುವ ಮಾಸ್ಟರ್ ಸಿಲಿಂಡರ್ ಹೋಗಿದೆ ಅಂತಲೋ, ಎಲ್ಲೋ ಸೋರುತ್ತಿದೆ ಅಂತಲೋ ಅರ್ಥ. ಆಮೇಲೆ ಡ್ರಮ್ ತೆಗೆಸಿ, ಚಕ್ರದ ಹತ್ತಿರ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ಟೋಪಿಯ ಅಂಚನ್ನು ಸ್ವಲ್ಪ ಎತ್ತಿ ನೋಡು, ಒಳಗೆ ಒದ್ದೆ ಇದ್ದರೆ ಅದೂ ಸೋರುತ್ತಿದೆ. ಹಳೇ ಕಾರಿನ ಬ್ರೇಕ್ ಹಿಡಿಯೋದೇ ಇಲ್ಲ ಅನ್ನುವವರಲ್ಲಿ ಎಷ್ಟೋ ಜನ ಸವೆದ ಬ್ರೇಕಿನಲ್ಲೇ ಓಡಿಸುತ್ತಿರುತ್ತಾರೆ. ಹೊಸ ಲೈನರ್, ಹೊಸ ಕಿಟ್, ಹೊಸ ಹೋಸ್, ಹೊಸ ಆಯಿಲ್ ಹಾಕಿಸಿ, ಡ್ರಮ್ಮಿನ ಒಳಗನ್ನು ಲೇತಿನಲ್ಲಿ ಸಮ ಮಾಡಿಸಿ, ಸರಿಯಾಗಿ ಅಡ್ಜಸ್ಟ್ ಮಾಡಿಸಿದ ಮೇಲೆ ಓಡಿಸಿ ನೋಡು, ಆ ವ್ಯತ್ಯಾಸ ನಿನ್ನ ಕಾಲಿಗೇ ಗೊತ್ತಾಗುತ್ತದೆ. ದಿನಾ ಓಡಿಸುವುದಾದರೆ ಮುಂದಿನ ಬ್ರೇಕಿಗೂ ಹಿಂದಿನದಕ್ಕೂ ಬೇರೆ ಬೇರೆ ದಾರಿ ಇರುವ ಮಾಸ್ಟರ್ ಸಿಲಿಂಡರ್ ಹಾಕಿಸು. ಹೊರಗೆ ಯಾರಿಗೂ ಕಾಣೋದಿಲ್ಲ. ಇಷ್ಟಾದರೂ ಶಿರಾಡಿ ಘಾಟಿ ಇಳಿಯುವಾಗ ಸೆಕೆಂಡ್ ಗಿಯರಿನಲ್ಲೇ ಇಳಿಯಬೇಕು. ಡ್ರಮ್ ಕಾದರೆ ಹಿಡಿತ ಬಿಡುತ್ತದೆ, ಹಳೇ ಆಯಿಲಿನಲ್ಲಿ ನೀರಿನಂಶ ಸೇರಿದ್ದರೆ ಅದು ಕುದಿದು ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ.

ಮಾರುತಿ ಎಂಜಿನ್ ಬೇಡ ಅನ್ನೋದೂ ಇದಕ್ಕೇ. 1089 ಸಿಸಿ, ಸುಮಾರು 40 ಕುದುರೆಶಕ್ತಿಗೆ ಅಂತ ಮಾಡಿದ ಬ್ರೇಕು, ಸಸ್ಪೆನ್ಷನ್ ಅದು. ಅದಕ್ಕಿಂತ ಜೋರಾಗಿ ಓಡುವ ಎಂಜಿನ್ ಹಾಕಿದರೆ ನಿಲ್ಲಿಸೋದು ಯಾರು? ಗಾಡಿಯನ್ನು ಆರ್‌ಸಿಯಲ್ಲಿ ಇರುವುದಕ್ಕಿಂತ ಬೇರೆ ಆಗುವ ಹಾಗೆ ಬದಲಾಯಿಸುವುದನ್ನು ತಡೆಯುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬೇರೆ ಇದೆ. ಆರ್‌ಸಿಯಲ್ಲಿ ಒಂದು, ಬಾನೆಟ್ ಕೆಳಗೆ ಇನ್ನೊಂದು ಅಂತಾದರೆ ಇನ್ಶೂರೆನ್ಸ್ ಕ್ಲೇಮ್ ಹೊತ್ತಿಗೆ ತೊಂದರೆ. ಎಂವೈ ಅಂತ ಶುರುವಾಗುವ ಆ ನಂಬರು, ನಮ್ಮ ರಾಜ್ಯ ಇನ್ನೂ ಮೈಸೂರು ಅಂತಿದ್ದ ಕಾಲದ್ದು, ಅದರ ಜೊತೆ ಆಟ ಆಡಬೇಡ.

ಸೀಟ್ ಬೆಲ್ಟ್ ವಿಷಯದಲ್ಲಿ ಮಾತ್ರ, ದೊಡ್ಡಪ್ಪಾ, ದಯವಿಟ್ಟು ಬೇಡ ಅನ್ನಬೇಡಿ. ನಮ್ಮ ದೇಶದಲ್ಲಿ ಮುಂದಿನ ಸೀಟಿಗೆ ಬೆಲ್ಟ್ ಕೊಡಲೇಬೇಕು ಅಂತಾದದ್ದು 1994ರಿಂದ, ಹಾಗಾಗಿ ತಾತನ ಕಾರಿಗೆ ಬರಲೇ ಇಲ್ಲ. ಆ ಸ್ಟೇರಿಂಗ್ ರಾಡು ಈಗಿನ ಕಾರುಗಳ ಹಾಗೆ ಮಡಚಿಕೊಳ್ಳುವುದಿಲ್ಲ, ಮುಂದಿನಿಂದ ಗುದ್ದಿದರೆ ನೇರ ಎದೆಗೆ ಬರುತ್ತದೆ. ತಮ್ಮಾ, ಬೆಲ್ಟನ್ನು ಬರೀ ತಗಡಿಗೆ ಸ್ಕ್ರೂ ಹೊಡೆದು ಕೂರಿಸಿದರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಬಾಗಿಲಿನ ಕಂಬದಲ್ಲೂ ನೆಲದಲ್ಲೂ ಹಿಂದಿನಿಂದ ದಪ್ಪ ಪ್ಲೇಟ್ ಕೊಟ್ಟು ಬೋಲ್ಟ್ ಹಾಕಿಸಬೇಕು. ಅದಕ್ಕೂ ಮೊದಲು ನೆಲದ ಮ್ಯಾಟ್ ಎತ್ತಿಸಿ ತುಕ್ಕು ಹಿಡಿದಿದೆಯಾ ನೋಡಿಸು. ಈ ಕೆಲಸಕ್ಕೆ ತೂತು ಕೊರೆಯಲೇಬೇಕು, ಕೊರೆಸು, ನಾನೇ ಹೇಳುತ್ತಿದ್ದೇನೆ. ನಾವೆಲ್ಲ ಚಿಕ್ಕವರಿದ್ದಾಗ ಮುಂದಿನ ಉದ್ದ ಸೀಟಿನ ಮಧ್ಯ ಕೂರುತ್ತಿದ್ದೆವು ಅಂತ ಪಾಪುವನ್ನು ಅಲ್ಲಿ ಕೂರಿಸಬೇಡ. ಹಿಂದೆ ಬೆಲ್ಟ್ ಹಾಕಿಸಿ, ಮಕ್ಕಳ ಸೀಟು ಕಟ್ಟಿ, ಅದರಲ್ಲೇ ಕೂರಿಸು. ಅದು ಆಗುವ ತನಕ ಸ್ಕೂಲಿಗೆ ನಿನ್ನ ಇನ್ನೊಂದು ಕಾರಿನಲ್ಲೇ ಬಿಡು.

ಇನ್ನೊಂದು, ಪೆಟ್ರೋಲ್ ಪೈಪು. ಈಗ ಬಂಕಿನಲ್ಲಿ ಸಿಗೋದು ಶೇ 20 ಎಥನಾಲ್ ಬೆರೆಸಿದ ಪೆಟ್ರೋಲು, ಹಳೇ ರಬ್ಬರಿಗೆ ಅದು ಆಗಿಬರಲ್ಲ. ಪಂಪಿನಿಂದ ಕಾರ್ಬೊರೇಟರಿಗೆ ಹೋಗುವ ಪೈಪನ್ನು ಬಗ್ಗಿಸಿ ನೋಡು, ಸಣ್ಣ ಸಣ್ಣ ಬಿರುಕು ಕಂಡರೆ ಅವತ್ತೇ ಬದಲಾಯಿಸು. ಎಥನಾಲ್ ತಡೆಯುವ ಪೈಪೇ ಬೇಕು ಅಂತ ಕೇಳಿ ತಗೊಂಡು ಬಾ. ಪಂಪಿನ ಒಳಗಿನ ಪೊರೆ, ಅಂದರೆ ಡಯಾಫ್ರಂ ಕೂಡ ಬದಲಾಗಲಿ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಸೀಟಿನ ಕೆಳಗೆ ಒಂದು ಸಣ್ಣ ಫೈರ್ ಎಕ್ಸ್‌ಟಿಂಗ್ವಿಷರ್, ಬ್ಯಾಟರಿಗೆ ಒಂದು ಕಟ್-ಆಫ್ ಸ್ವಿಚ್ಚು, ಎರಡೂ ಇರಲಿ. ನಮ್ಮ ಪ್ರೀಮಿಯರ್ ಪದ್ಮಿನಿ ಕಾರಿಗೂ ಹಾಕಿಸಿದ್ದೇವೆ, ಕಾರಿನ ಅಂದ ಏನೂ ಕೆಟ್ಟಿಲ್ಲ.

ಲೈಟು ಸುಲಭ. ಅದೇ ದುಂಡನೆಯ ಹೆಡ್‌ಲೈಟಿನಲ್ಲಿ ಹ್ಯಾಲೊಜೆನ್ ಬಲ್ಬು, ಜೊತೆಗೆ ಹಳೇ ಸ್ವಿಚ್ಚಿನ ಮೇಲೆ ಕರೆಂಟಿನ ಹೊರೆ ಬೀಳದ ಹಾಗೆ ಒಂದು ರಿಲೇ, ಹಿಂದಿನ ಗಾಜಿನ ಒಳಗೆ ಒಂದು ಬ್ರೇಕ್ ಲೈಟ್. ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ ಬೇಡ. ಟೈರು ರೇಡಿಯಲ್ ಹಾಕಿಸು, ಆದರೆ ಹಳೇ ರಿಮ್ಮು ಇರಲಿ, ಅದಕ್ಕೆ ಟ್ಯೂಬ್ ಬೇಕು.

ದೊಡ್ಡಪ್ಪಾ, ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸೋಣ ಅಂದಿರಲ್ಲ, 50 ವರ್ಷ ದಾಟಿದೆ, ಮಾಡಿಸಬಹುದು. ಆದರೆ 2021ರ ಆ ನಿಯಮದ ಪ್ರಕಾರ ಅಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥದ್ದಕ್ಕಷ್ಟೇ. ಹಾಗಾಗಿ ಮೊದಲು ಮನೆಯಲ್ಲಿ ಕೂತು, ಓಡಿಸೋದಾ ಇಡೋದಾ ಅಂತ ತೀರ್ಮಾನ ಮಾಡಿ. ನಿಮಗೆ ಇನ್ನೊಂದು ಮಾತು: ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ ಮಾಡಿರುವ ಟ್ಯೂರಿನ್ ಚಾರ್ಟರ್ ಕೂಡ ಸುರಕ್ಷತೆಗೆ ಬೇಕಾದ ಬದಲಾವಣೆ ಬೇಡ ಅನ್ನುವುದಿಲ್ಲ. ಎದ್ದು ಕಾಣದ ಹಾಗೆ ಮಾಡಿ, ಸಾಧ್ಯವಾದಷ್ಟು ವಾಪಸ್ ತೆಗೆಯುವ ಹಾಗೆ ಮಾಡಿ ಅನ್ನುತ್ತದೆ ಅಷ್ಟೇ. ಟ್ಯೂರಿನ್ ಅಂದರೆ ಫಿಯೆಟ್ ಹುಟ್ಟಿದ ಊರೇ.

ಸ್ಟೇರಿಂಗ್ ಪಕ್ಕದ ಆ ಹ್ಯಾಂಡ್ ಗಿಯರ್, ಮುಂದಿನ ಉದ್ದ ಸೀಟು, ಡ್ಯಾಶ್‌ಬೋರ್ಡ್ ಮಾತ್ರ ಯಾರೂ ಮುಟ್ಟಬೇಡಿ. ಮೆಕ್ಯಾನಿಕ್ ಬಿಚ್ಚಿದ ಹಳೇ ಸಾಮಾನು ಗುಜರಿಗೆ ಹೋಗಬಾರದು, ಒಂದೊಂದಕ್ಕೂ ಚೀಟಿ ಕಟ್ಟಿ ಡಬ್ಬಿಗೆ ಹಾಕಿ ಅಟ್ಟದ ಮೇಲಿಡು. ಡ್ರಮ್ ಬಿಚ್ಚಿಸಿದ ದಿನ ಒಳಗಿನ ಫೋಟೋ ತೆಗೆದು ಇಲ್ಲೇ ಹಾಕು, ಅದನ್ನು ನೋಡಿ ಏನೇನು ತರಿಸಬೇಕು ಅಂತ ಹೇಳುತ್ತೇನೆ.